ಪಲ್ಲೇಡಿಯಂ-ಚಿನ್ನದ ಮೇಲೆ ಸಿಒ (ಕಾರ್ಬನ್ ಮಾನಾಕ್ಸೈಡ್), ಇನ್‌ಫ್ರಾರೆಡ್ ಸ್ಪೆಕ್ಟ್ರಮಿನಲ್ಲಿ: ಬ್ರಿಡ್ಜ್ ಪಟ್ಟಿ ಮಾಯ, ಲೀನಿಯರ್ ಪಟ್ಟಿ ಕೆಳಕ್ಕೆ. ಕಾರಣ ಏನು?

ಪ್ರಶ್ನೆ
ಸಿಲಿಕಾ ಮೇಲಿನ ಬರೀ ಪಲ್ಲೇಡಿಯಂಗೆ ಸಿಒ ಹರಿಸಿದರೆ 2090 ಸೆಂ.ಮೀ⁻¹ನಲ್ಲಿ ಲೀನಿಯರ್ ಪಟ್ಟಿ (ಒಂದೇ ಲೋಹ ಪರಮಾಣುವಿಗೆ ಅಂಟಿದ ಸಿಒ), 1980ರ ಸುತ್ತ ದೊಡ್ಡ ಬ್ರಿಡ್ಜ್ ಪಟ್ಟಿ (ಎರಡು ಪರಮಾಣುಗಳಿಗೆ ಅಂಟಿದ ಸಿಒ) ಬರುತ್ತವೆ. ಪಲ್ಲೇಡಿಯಂ-ಚಿನ್ನ 1:6 ಮಾದರಿಯಲ್ಲಿ ಬ್ರಿಡ್ಜ್ ಇಲ್ಲವೇ ಇಲ್ಲ ಅನ್ನಬಹುದು, ಲೀನಿಯರ್ 2068ಕ್ಕೆ ಇಳಿದಿದೆ. ಡ್ರಿಫ್ಟ್ಸ್ ಸೆಲ್ (ಪುಡಿಯಿಂದ ಚದುರಿದ ಇನ್‌ಫ್ರಾರೆಡ್ ಅಳೆಯುವ ಕೋಶ), ಎಂಸಿಟಿ ಎಂಬ ಇನ್‌ಫ್ರಾರೆಡ್ ಡಿಟೆಕ್ಟರ್, ರೆಸಲ್ಯೂಷನ್ 4 ಸೆಂ.ಮೀ⁻¹. ಹೈಡ್ರೋಜನ್‌ನಲ್ಲಿ 300 ಡಿಗ್ರಿ ಸೆ. ರಿಡಕ್ಷನ್, ಅದರಲ್ಲೇ ತಣಿಸಿ, 1% ಸಿಒ 15 ನಿಮಿಷ, ಆಮೇಲೆ ಹೀಲಿಯಂ ಪರ್ಜ್ (ಉಳಿದ ಅನಿಲವನ್ನು ಹೊರಗೆ ತಳ್ಳುವುದು). ಈ 22ರ ಇಳಿತವನ್ನು ಚಿನ್ನದಿಂದ ಪಲ್ಲೇಡಿಯಂಗೆ ಎಲೆಕ್ಟ್ರಾನ್ ಹೋದದ್ದಕ್ಕೆ ಸಾಕ್ಷಿ ಎನ್ನಬಹುದೇ? 100 ಡಿಗ್ರಿಯಲ್ಲಿ ಸಿಒ ಹರಿಸುತ್ತಿದ್ದರೆ ಗಂಟೆಯೊಳಗೆ ಬ್ರಿಡ್ಜ್ ಪಟ್ಟಿ ಮೆಲ್ಲಗೆ ಮರಳುತ್ತದೆ, ಅದೇಕೆ?

ಉತ್ತರ 1
ಅಷ್ಟರಿಂದಲೇ ಹೇಳಲಾಗದು. ಬ್ರಿಡ್ಜ್‌ಗೆ ಅಕ್ಕಪಕ್ಕ ಎರಡು ಪಲ್ಲೇಡಿಯಂ ಪರಮಾಣು ಬೇಕು. ಚಿನ್ನ ಅವನ್ನು ಬಿಡಿಬಿಡಿಯಾಗಿಸಿದೆ. ಹಾಗೆ ದೂರವಾದಾಗ ಸಿಒ ಅಣುಗಳ ನಡುವಿನ ಡೈಪೋಲ್ ಕಪ್ಲಿಂಗ್ (ಅಕ್ಕಪಕ್ಕದ ಅಣುಗಳ ಕಂಪನ ಬೆಸೆದು ಪಟ್ಟಿಯನ್ನು ಮೇಲಕ್ಕೆ ಒಯ್ಯುವುದು) ಕೂಡ ಕುಗ್ಗುತ್ತದೆ, ಆ ಒಂದೇ ಕಾರಣಕ್ಕೆ ಪಟ್ಟಿ ಹತ್ತಾರು ವೇವ್‌ನಂಬರ್ ಇಳಿಯಬಲ್ಲದು. ಕಪ್ಲಿಂಗ್, ಎಲೆಕ್ಟ್ರಾನ್ ಪರಿಣಾಮ ಎರಡನ್ನೂ ಬೇರ್ಪಡಿಸುವ ದಾರಿ ಐಸೊಟೋಪ್ ಡೈಲ್ಯೂಷನ್ (ಭಾರದ ಕಾರ್ಬನ್‌ನ ಸಿಒ ಬೆರೆಸುವುದು): ಮೇಲ್ಮೈಯ ಒಟ್ಟು ಸಿಒ ಕವರೇಜ್ ತುಂಬಿದ ಸ್ಥಿತಿಯಲ್ಲೇ ಇರಲಿ, ಕಾರ್ಬನ್-13 ಸಿಒದಲ್ಲಿ ಸಾದಾ ಸಿಒ ಪಾಲನ್ನು 100, 50, 20, 5% ಎಂದು ಇಳಿಸುತ್ತ ಹೋಗಿ. ಸಾದಾ ಸಿಒ ಪಟ್ಟಿಯ ಜಾಗವನ್ನು ಸೊನ್ನೆ ಪಾಲಿಗೆ ಎಳೆದರೆ ಕಪ್ಲಿಂಗ್ ಇಲ್ಲದ ಆವರ್ತನ ಸಿಗುತ್ತದೆ. ಎರಡೂ ಮಾದರಿಗೆ ಇದನ್ನು ಮಾಡಿ. ಆಮೇಲೂ ಉಳಿಯುವ ವ್ಯತ್ಯಾಸವಷ್ಟೇ ರಾಸಾಯನಿಕ ಪರಿಣಾಮ. ಈ ಮಿಶ್ರಣಗಳಲ್ಲಿ ಪಟ್ಟಿಯ ಏರಿಯಾ ನೋಡಿ ಪಾಲು ಲೆಕ್ಕ ಹಾಕಬೇಡಿ: ಹತ್ತಿರದ ಎರಡು ಪಟ್ಟಿಗಳಲ್ಲಿ ಮೇಲಿನದು ಕೆಳಗಿನದರ ತೀವ್ರತೆಯನ್ನು ಕಸಿಯುತ್ತದೆ.

ಉತ್ತರ 2
ಬ್ರಿಡ್ಜ್ ಮರಳುವುದಕ್ಕೆ ಕಾರಣ ಬಹುಶಃ ಸೆಗ್ರಿಗೇಷನ್. ಸಿಒ ಚಿನ್ನಕ್ಕಿಂತ ಪಲ್ಲೇಡಿಯಂಗೆ ಬಲವಾಗಿ ಅಂಟುವುದರಿಂದ ಒಳಗಿನ ಪಲ್ಲೇಡಿಯಂ ಮೇಲಕ್ಕೆ ಬಂದು ಜೋಡಿಯಾಗುತ್ತದೆ. ಅಂದರೆ ನೀವು ಅಳೆಯುವ ಅನಿಲವೇ ಮೇಲ್ಮೈಯನ್ನು ಬದಲಿಸುತ್ತಿದೆ! ಸಾಧ್ಯವಿದ್ದಷ್ಟು ತಂಪಿನಲ್ಲಿ, ಕಡಿಮೆ ಹೊತ್ತು ಸಿಒ ಕೊಟ್ಟು ಮೊದಲ ಸ್ಪೆಕ್ಟ್ರಮನ್ನು ನಂಬಿ. ತಂಪಿನಲ್ಲಿ 2110-2120ರ ಚಿನ್ನದ ಪಟ್ಟಿಯೂ ಕಾಣಬಹುದು. ಕೋಣೆಯ ತಾಪದಲ್ಲಿ ಪರ್ಜ್ ಮಾಡಿದರೆ ಅದು ಹಾರಿಹೋಗುತ್ತದೆ. ಪಟ್ಟಿ ಕಾಣದ ಮಾತ್ರಕ್ಕೆ ಚಿನ್ನವಿಲ್ಲ ಎಂದು ತೀರ್ಮಾನಿಸಬೇಡಿ.

ಉತ್ತರ 3
ಹೈಡ್ರೋಜನ್‌ನಲ್ಲಿ ತಣಿಸುವುದನ್ನು ಮೊದಲು ಬಿಡಿ. ಬರೀ ಪಲ್ಲೇಡಿಯಂ ತಣಿಯುವಾಗ ಹೈಡ್ರೋಜನ್ ಹೀರಿ ಹೈಡ್ರೈಡ್ ಆಗುತ್ತದೆ, ಹೋಲಿಕೆಯ ಮಾದರಿಯೇ ಕೆಡುತ್ತದೆ. 300 ಡಿಗ್ರಿಯಲ್ಲೇ ಹೀಲಿಯಂಗೆ ಬದಲಿಸಿ, ಅರ್ಧ ಗಂಟೆ ಬಿಟ್ಟು ತಣಿಸಿ. ಲೈನಿನಲ್ಲಿ ಆಮ್ಲಜನಕದ ಟ್ರ್ಯಾಪ್ ಇರಲಿ. ಬ್ಯಾಕ್‌ಗ್ರೌಂಡ್ (ಸಿಒ ಕೊಡುವ ಮುನ್ನದ ಸ್ಪೆಕ್ಟ್ರಮ್) ಕೂಡ ಅಳತೆಯ ತಾಪದಲ್ಲೇ ಆಗಬೇಕು.

ಬ್ರಿಡ್ಜ್ ಜಾಗದಲ್ಲಿ ಸಣ್ಣ ಚೂಪು ಗೆರೆಗಳ ಸಾಲು ಕಂಡರೆ ನೀರಾವಿ, ಪರ್ಜ್ ಸಾಲದು. 2034, 2013ರ ಬಳಿ ಜೋಡಿ ಪಟ್ಟಿ ಬಂದರೆ ಉಕ್ಕಿನ ಸಿಲಿಂಡರಿನಿಂದ ಬಂದ ಐರನ್ ಕಾರ್ಬೊನಿಲ್ (ಕಬ್ಬಿಣಕ್ಕೆ ಸಿಒ ಸೇರಿ ಆದ ಆವಿ) ಎಂದು ಶಂಕಿಸಿ. ಅಲ್ಯೂಮಿನಿಯಂ ಸಿಲಿಂಡರ್, ಸೆಲ್‌ಗೆ ಮುನ್ನ ಬಿಸಿ ಟ್ರ್ಯಾಪ್, ಎರಡೂ ಬೇಕು. ಸಿಒ ವಾಸನೆಯಿಲ್ಲದ ವಿಷ: ಹೊರಹರಿವು ಫ್ಯೂಮ್ ಹುಡ್‌ಗೆ, ಅಲಾರಂ ಆನ್.

ಪ್ರಶ್ನೆ ಕೇಳಿದವರು
ಖಾಲಿ ಸಿಲಿಕಾದಲ್ಲೂ 2030ರ ಬಳಿ ಗೀಟು ಇದೆ. ಮೊದಲು ಸಿಲಿಂಡರ್ ಬದಲಿಸುತ್ತೇನೆ.