ಲೊಕೇಷನ್ ಕೇಳಿದರೆ ಜನ ‘ಬೇಡ’ ಒತ್ತುತ್ತಾರೆ, ಏನು ಮಾಡೋದು?

ಪ್ರಶ್ನೆ: ನಮ್ಮ ಪಟ್ಟಣದ ದಿನಸಿ ಅಂಗಡಿಗಳಿಂದ ಮನೆಗೆ ಸಾಮಾನು ತಲುಪಿಸುವ ಆ್ಯಪ್ ಮಾಡುತ್ತಿದ್ದೇವೆ. ಲೊಕೇಷನ್ ಅನುಮತಿ ಕೇಳಿದಲ್ಲೇ ತುಂಬ ಜನ ಹಿಂದೆ ಸರಿಯುತ್ತಾರೆ. ಬಲ್ಲವರು ತಿಳಿಸಿ.

ಉತ್ತರ 1: ಯಾವಾಗ ಕೇಳುತ್ತಿದ್ದೀರಿ ನೋಡಿ. ಆ್ಯಪ್ ತೆರೆದ ಕೂಡಲೇ ಕೇಳಿದರೆ, ಇನ್ನೂ ಒಂದು ಸಾಮಾನೂ ನೋಡದವರು ಯಾಕೆ ಕೊಡಬೇಕು? ವಿಳಾಸದ ಪುಟದಲ್ಲಿ ‘ನಾನಿರುವ ಜಾಗ ಬಳಸಿ’ ಅಂತ ಬಟನ್ ಇಡಿ, ಒತ್ತಿದವರಿಗೆ ಮಾತ್ರ ಕೇಳಿ. ವಿಳಾಸ ಟೈಪ್ ಮಾಡುವ ದಾರಿಯೂ ಪಕ್ಕದಲ್ಲೇ ಇರಲಿ. ಆಂಡ್ರಾಯ್ಡ್ 11ರಿಂದೀಚೆಗೆ ಎರಡು ಸಲ ಬೇಡ ಅಂದರೆ ಫೋನ್ ಮತ್ತೆ ಕೇಳುವುದೇ ಇಲ್ಲ, ಐಫೋನಿನಲ್ಲಿ ಒಂದೇ ಸಲಕ್ಕೆ ಮುಗಿಯಿತು. ಆಮೇಲೆ ಸೆಟ್ಟಿಂಗ್ಸ್ ಹುಡುಕಿಕೊಂಡು ಹೋಗುವವರು ಕಡಿಮೆ.

ಉತ್ತರ 2: ಮೇಲಿನದು ಸರಿ, ಆದರೆ ಕೊಟ್ಟ ಮೇಲೆ ಪ್ರಯೋಜನ ಕಾಣದಿದ್ದರೆ ಮುಂದಿನ ಸಲ ಆಫ್ ಮಾಡುತ್ತಾರೆ. ಫೋನಿನ ಜಿಪಿಎಸ್ ಬಯಲಲ್ಲಿ ಸುಮಾರು 5 ಮೀಟರ್ ಒಳಗೆ ಜಾಗ ತೋರಿಸುತ್ತದೆ. ಕಾಂಕ್ರೀಟ್ ಮನೆಯೊಳಗೆ ಕೂತು ಆರ್ಡರ್ ಮಾಡಿದರೆ ಮ್ಯಾಪಿನಲ್ಲಿ ಜಾಗ ತೋರಿಸುವ ಗುರುತು, ಅಂದರೆ ಪಿನ್, ಹಿಂದಿನ ಬೀದಿಗೂ ಬೀಳಬಹುದು. ಡೆಲಿವರಿ ಹುಡುಗ ಫೋನ್ ಮಾಡಿ ‘ಮನೆ ಎಲ್ಲಿ ಬರುತ್ತೆ?’ ಅಂತಾನೆ. ಹಾಗಾದರೆ ಲೊಕೇಷನ್ ಕೊಟ್ಟಿದ್ದು ಯಾಕೆ? ಪಿನ್ ಎಳೆದು ಸರಿಪಡಿಸಲು ಬಿಡಿ, ಕೆಳಗೆ ‘ಗಣಪತಿ ಗುಡಿ ಪಕ್ಕದ ಸಂದಿ, ಹಸಿರು ಗೇಟ್’ ಅಂತ ಬರೆಯಲು ಜಾಗ ಕೊಡಿ. ಯಾವ ಅಂಗಡಿ ಹತ್ತಿರ ಅಂತ ತಿಳಿಯಲು ಆಂಡ್ರಾಯ್ಡ್ 12ರ ಅಂದಾಜು ಲೊಕೇಷನ್ (ಸುಮಾರು 3 ಚದರ ಕಿ.ಮೀ.) ಸಾಕು, ನಿಖರವಾದದ್ದು ಬಾಗಿಲಿಗೆ ಮಾತ್ರ.

ಉತ್ತರ 3: ಇದೇ ಜನ ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಷನ್ ಆರಾಮಾಗಿ ಕಳಿಸುತ್ತಾರೆ. ಯಾರಿಗೆ ಅಂತ ಗೊತ್ತು, 15 ನಿಮಿಷ, 1 ಗಂಟೆ, 8 ಗಂಟೆ ಅಂತ ಅವಧಿಯೂ ಗೊತ್ತು, ನಡುವೆ ನಿಲ್ಲಿಸಲೂಬಹುದು. ನಿಮ್ಮಲ್ಲೂ ಅದು ಕಾಣಲಿ. ಆ್ಯಪ್ ಮುಚ್ಚಿದ್ದಾಗಲೂ ಜಾಗ ನೋಡುವ ‘ಯಾವಾಗಲೂ’ ಅನುಮತಿ ಗ್ರಾಹಕರ ಹತ್ತಿರ ಕೇಳಲೇಬೇಡಿ. ರಾತ್ರಿ ಫೋನ್ ಎಲ್ಲಿ, ಹಗಲು ಎಲ್ಲಿ ಅನ್ನುವುದಷ್ಟೇ ಸಾಕು, ಮನೆ ಮತ್ತು ಕೆಲಸದ ಜಾಗ ಎರಡೂ ಬಯಲಾಗುತ್ತವೆ. ಭಯ ಸುಮ್ಮನೆ ಬಂದದ್ದಲ್ಲ. ಒಂಟಿಯಾಗಿರುವ ಹೆಣ್ಣುಮಕ್ಕಳಿಗಂತೂ ಮನೆ ಪಿನ್ ಯಾರ ಫೋನಿನಲ್ಲಿ ಉಳಿಯುತ್ತದೆ ಅನ್ನೋದೇ ದೊಡ್ಡ ಪ್ರಶ್ನೆ. ಸಾಮಾನು ತಲುಪಿದ ಕೂಡಲೇ ಡೆಲಿವರಿಯವರ ಪರದೆಯಿಂದ ಪಿನ್, ನಂಬರ್ ಎರಡೂ ಮಾಯವಾಗಬೇಕು.

ಉತ್ತರ 4: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ನೋಡಿಕೊಳ್ಳಿ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಆಗಬೇಕು, ಸೂಚನೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಇರಬೇಕು. ಇನ್ನೊಂದು, ಬ್ಯಾಟರಿ ಉಳಿಸಲು ಫೋನಿನ ಲೊಕೇಷನ್ನನ್ನೇ ಆಫ್ ಇಟ್ಟವರು ಬಹಳ. ಅವರು ನಿಮ್ಮ ಆ್ಯಪ್ ನಿರಾಕರಿಸಿದವರಲ್ಲ, ಎರಡನ್ನೂ ಬೇರೆ ಬೇರೆ ಎಣಿಸಿ.