ಒಳಕ್ಕೆ ನುಗ್ಗುವ ಗಾಳಿಗೂ 'ಸೋರಿಕೆ' ಎನ್ನಬಹುದೇ?

ತುಮಕೂರಿನ ಐಟಿಐ ವಿದ್ಯಾರ್ಥಿಗಳಿಗೆಂದು ಬರೆದ ಎಂಜಿನ್ ದುರಸ್ತಿಯ ಟಿಪ್ಪಣಿಯೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಎಣ್ಣೆಯಾಗಲಿ, ನೀರಾಗಲಿ, ಗಾಳಿಯಾಗಲಿ, ಎಲ್ಲಕ್ಕೂ 'ಸೋರಿಕೆ' ಎಂಬ ಒಂದೇ ಪದವಿದೆ. ಪತ್ರಿಕೆಗಳಲ್ಲಿ ತೆರಿಗೆ, ಪ್ರಶ್ನೆಪತ್ರಿಕೆಗಳೂ ಸೋರುವುದರಿಂದ ಆ ಪದಕ್ಕೆ ಮೊದಲೇ ಬಿಡುವಿಲ್ಲ. ಗ್ಯಾರೇಜಿನಲ್ಲಿ ಒಂದೊಂದು ಸೋರಿಕೆ ಹಿಡಿಯಲು ಒಂದೊಂದು ಉಪಕರಣ ಇರುವಾಗ ಪದ ಮಾತ್ರ ಒಂದೇ ಏಕೆ?

ಎಣ್ಣೆಯ ಮಟ್ಟಿಗೆ ಕಷ್ಟವಿಲ್ಲ. ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲ್ಮುಚ್ಚಳದ) ಅಂಚು ತೇವಗೊಂಡು, ಧೂಳು ಕಚ್ಚಿ ಕಪ್ಪು ಜಿಡ್ಡಾಗಿದ್ದರೆ ಎಣ್ಣೆ ಒಸರುತ್ತಿದೆ. ನೆಲಕ್ಕೆ ಹನಿ ಬಿದ್ದರೆ ತೊಟ್ಟಿಕ್ಕುತ್ತಿದೆ. ಒಸರಿದ್ದನ್ನು ಒರೆಸಿ ಕಾದು ನೋಡಬಹುದು, ತೊಟ್ಟಿಕ್ಕಿದರೆ ಪ್ಯಾಕಿಂಗ್ ಬದಲಿಸಲೇಬೇಕು. ಜಾಗ ತಿಳಿಯದಿದ್ದರೆ ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ಗಾಡಿ ಓಡಿಸಿ, ಆಮೇಲೆ ನೇರಳಾತೀತ ಟಾರ್ಚ್ ಬಿಡುತ್ತಾರೆ. ಎಣ್ಣೆ ಕೆಳಕ್ಕೆ ಇಳಿಯುವುದರಿಂದ ಹಳದಿ ಹಸಿರು ಗೆರೆಯ ಮೇಲ್ತುದಿಯಿಂದ ಹುಡುಕಬೇಕು. ರೇಡಿಯೇಟರಿಗೆ 'ಜಿನುಗು' ಸಾಕು: ಎಂಜಿನ್ ತಣ್ಣಗಿರುವಾಗ ಕೈಪಂಪು ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಟ್ಟು, ಪಂಪಿನ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ.

ಸಿಲಿಂಡರಿನದು ಇನ್ನೂ ಸ್ವಾರಸ್ಯಕರ. ಪಿಸ್ಟನ್ ಅನ್ನು ಕಂಪ್ರೆಷನ್ನಿನ, ಅಂದರೆ ಒಳಗಿನ ಗಾಳಿಯನ್ನು ಒತ್ತುವ ಹೊಡೆತದ, ತುತ್ತತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಗಾಳಿ ತುಂಬುತ್ತಾರೆ. ಎಷ್ಟು ಗಾಳಿ ಹೋಗುತ್ತಿದೆ ಎಂಬುದನ್ನು ಗೇಜು ಶೇಕಡಾವಾರು ತೋರಿಸುತ್ತದೆ, ಎಲ್ಲಿಂದ ಎಂಬುದನ್ನು ಕಿವಿಯೇ ಹೇಳಬೇಕು. ಸೈಲೆನ್ಸರಿನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ಹಾಕುವ ಬಾಯಲ್ಲಿ ಬುಸುಗುಟ್ಟಿದರೆ ಪಿಸ್ಟನ್ ಸುತ್ತಲಿನ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮೇಲಿನ ಪ್ಯಾಕಿಂಗ್). ರಿಂಗಿನ ದೋಷಕ್ಕೆ ಮೆಕ್ಯಾನಿಕರು 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ಅದನ್ನು ಹಾಗೆಯೇ ಉಳಿಸಿದ್ದೇನೆ. ಎಲ್ಲರಿಗೂ ಅರ್ಥವಾಗುವ ಪದವನ್ನು ಕಿತ್ತು ಸಂಸ್ಕೃತದ ಸಮಾಸ ಕೂರಿಸುವ ಉಮೇದು ನನಗಿಲ್ಲ.

ನನ್ನ ತೊಡಕು ಇರುವುದು ಟಿಪ್ಪಣಿಯ 'ನಿರ್ವಾತ ಸೋರಿಕೆ'ಯಲ್ಲಿ, ಅಂದರೆ ಇಂಗ್ಲಿಷಿನ 'ವ್ಯಾಕ್ಯೂಮ್ ಲೀಕ್'ನಲ್ಲಿ. ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಯ) ಒಳಗಿನ ಒತ್ತಡ ಹೊರಗಿಗಿಂತ ತೀರಾ ಕಡಿಮೆ. ರಬ್ಬರ್ ಪೈಪು ಬಿರಿದರೆ ಅಲ್ಲಿಂದ ಏನೂ ಹೊರಬರುವುದಿಲ್ಲ, ಹೊರಗಿನ ಗಾಳಿಯೇ ಒಳನುಗ್ಗುತ್ತದೆ. ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಕಣ್ಣು ತಪ್ಪಿಸಿ ಬಂದ ಗಾಳಿಯಾದ್ದರಿಂದ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ; ಸ್ಕ್ಯಾನರಿನಲ್ಲಿ ಪಿ0171, ಅಂದರೆ ಮಿಶ್ರಣದಲ್ಲಿ ಇಂಧನ ಸಾಲದು ಎಂಬ ಕೋಡ್ ಬರಬಹುದು. ತೂತು ಹುಡುಕಲು ಎಂಜಿನ್ ಆರಿಸಿ, ಖನಿಜ ತೈಲ ಕಾಯಿಸಿದ ಬಿಳಿ ಹೊಗೆಯನ್ನು ಮೆಲ್ಲಗೆ ಒಳಗೆ ಬಿಡುತ್ತಾರೆ. ಆಗ ಅದೇ ತೂತಿನಿಂದ ಹೊಗೆ ಹೊರಗೆ ಬರುತ್ತದೆ! ಹೀಗೆ ಪರೀಕ್ಷೆಯ ವೇಳೆ ಸೋರುವ ತೂತು, ಗಾಡಿ ಓಡುವಾಗ ಸೋರುವುದೇ ಇಲ್ಲ. ವಿದ್ಯಾರ್ಥಿ ಗೊಂದಲಗೊಂಡರೆ ಅವನ ತಪ್ಪೇನು?

ನಮ್ಮ ಜಿಲ್ಲೆಯ ತೆರೆದ ಬಾವಿಗಳ ಕಾಲದ ಮಾತು ಇಲ್ಲಿ ಒದಗುತ್ತದೆ. ಪಂಪ್‌ಸೆಟ್ಟಿಗೆ ಬಾವಿಯಿಂದ ನೀರೆಳೆಯುವ ಸಕ್ಷನ್ ಪೈಪು ಬಿರುಕು ಬಿಟ್ಟಾಗ ರೈತರು 'ಪೈಪು ಸೋರುತ್ತಿದೆ' ಎನ್ನುತ್ತಿರಲಿಲ್ಲ, 'ಗಾಳಿ ಎಳೆಯುತ್ತಿದೆ' ಎನ್ನುತ್ತಿದ್ದರು. ಕೊಳವೆಬಾವಿಯ ಮೋಟರು ನೀರಿನೊಳಗೇ ಮುಳುಗಿದ ಮೇಲೆ ಆ ಮಾತು ಅಪರೂಪವಾಯಿತು. ಕ್ರಿಯಾಪದವಾಗಿ ಅದು ಚೊಕ್ಕವಾಗಿದೆ. ನಾಮಪದವಾಗಿ, 'ಕಳ್ಳಸಾಗಣೆ'ಯ ಧಾಟಿಯಲ್ಲಿ, 'ಕಳ್ಳಗಾಳಿ' ಎಂದರೆ ಹೇಗೆ? ಲೆಕ್ಕಕ್ಕೆ ಸಿಗದೆ ನುಸುಳಿದ ಗಾಳಿ ಎಂಬ ಅರ್ಥ ಅದರಲ್ಲೇ ಇದೆ.

ಕೋಲಾರ, ಚಿಕ್ಕಬಳ್ಳಾಪುರದ ಗ್ಯಾರೇಜುಗಳಲ್ಲಿ ಇದಕ್ಕೆ ಬೇರೆ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಐಟಿಐ ಬೋಧಕರಿದ್ದರೆ ಇನ್ನೊಂದು ಪ್ರಶ್ನೆ: ಉತ್ತರಪತ್ರಿಕೆಯಲ್ಲಿ 'ಕಳ್ಳಗಾಳಿ' ಎಂದು ಬರೆದವನಿಗೆ ಅಂಕ ಕೊಡುತ್ತೀರಾ?