ಯಾವ ಬ್ರೌಸರ್ ಇಟ್ಟುಕೊಳ್ಳಲಿ? ಭಾನುವಾರ ಸಂಜೆಯ ಪ್ರಶ್ನೋತ್ತರ

ನಿರ್ವಾಹಕ: ಇಂದು ನಮ್ಮ ಗುಂಪಿನ ರಿಪೇರಿ ಅಂಗಡಿಯವರು ಕಂಪ್ಯೂಟರ್ ಬ್ರೌಸರ್ ಕುರಿತ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಶುಭಾಶಯದ ಚಿತ್ರಗಳು ಬೇಡ.

ಹಾಸನದ ಗೃಹಿಣಿ: ನಮಸ್ಕಾರ ಸರ್. ಮಗಳ ಓದಿಗೆ ಹೊಸ ಲ್ಯಾಪ್‌ಟಾಪ್ ಕೊಂಡೆವು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಯಾವುದು ಒಳ್ಳೆಯದು?

ರಿಪೇರಿ ಅಂಗಡಿ: ನಮಸ್ಕಾರ ಮೇಡಂ. ಮೂರೂ ಚೆನ್ನಾಗಿಯೇ ಇವೆ. ನನ್ನ ಮನೆಯಲ್ಲಿ ಫೈರ್‌ಫಾಕ್ಸ್, ಏಕೆಂದರೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅದರಲ್ಲಿ ಈಗಲೂ ನಡೆಯುತ್ತದೆ. ಕ್ರೋಮ್ ಅದನ್ನು ಹೊರಗಟ್ಟಿದೆ. ಆದರೂ ಕ್ರೋಮ್ ಕೂಡ ಒಂದಿರಲಿ, ಕೆಲವು ತಾಣಗಳು ಅದರಲ್ಲಷ್ಟೇ ಸರಿಯಾಗಿ ತೆರೆದುಕೊಳ್ಳುತ್ತವೆ.

ಡಿಟಿಪಿ ಕೆಲಸದವನು: ಸರ್, ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೆಯ ಕಡತದ ಪಠ್ಯವನ್ನು ಬ್ರೌಸರಿಗೆ ಅಂಟಿಸಿದರೆ ಅಕ್ಷರಗಳೆಲ್ಲ ಚಿತ್ರವಿಚಿತ್ರ. ಯಾವ ಬ್ರೌಸರ್ ಹಾಕಿಕೊಂಡರೆ ಸರಿಹೋಗುತ್ತದೆ?

ನಿವೃತ್ತ ಮೇಷ್ಟ್ರು: ನನ್ನದು ವಿಂಡೋಸ್ 7. ಕ್ರೋಮ್ ಅಪ್‌ಡೇಟ್ ಆಗುತ್ತಲೇ ಇಲ್ಲ.

ರಿಪೇರಿ ಅಂಗಡಿ: ಇನ್ನು ಆಗುವುದೂ ಇಲ್ಲ ಮೇಷ್ಟ್ರೇ. ಆ ವಿಂಡೋಸಿಗೆ ಕ್ರೋಮ್ 109ನೆಯ ಆವೃತ್ತಿಯೇ ಕೊನೆ, 2023ರಲ್ಲೇ ನಿಂತಿತು. ಸದ್ಯಕ್ಕೆ ಫೈರ್‌ಫಾಕ್ಸಿನ 115ನೆಯ ದೀರ್ಘಾವಧಿ ಆವೃತ್ತಿ ಹಾಕಿಕೊಂಡು ಪತ್ರಿಕೆ ಓದಿ. ಪಿಂಚಣಿಯ ಬ್ಯಾಂಕ್ ಖಾತೆಯನ್ನು ಮಾತ್ರ ಆ ಯಂತ್ರದಲ್ಲಿ ತೆರೆಯಬೇಡಿ.

ಲಿನಕ್ಸ್ ಅಭಿಮಾನಿ: ಸರಿಯಾದ ಮಾತು. ಕ್ರೋಮ್ ಇಟ್ಟುಕೊಳ್ಳುವುದೆಂದರೆ ಗೂಢಚಾರನಿಗೆ ಜಗಲಿಯ ಮೇಲೆ ಚಾಪೆ ಹಾಸಿದಂತೆ. ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಎಲ್ಲವೂ ಒಳಗೆ ಕ್ರೋಮಿನ ತಳಪಾಯವಾದ ಕ್ರೋಮಿಯಂ. ಹೆಸರು ಬೇರೆ, ಹೊಟ್ಟೆ ಒಂದೇ.

ಐಟಿ ಉದ್ಯೋಗಿ: ನಿಮ್ಮ ಫೈರ್‌ಫಾಕ್ಸ್ ನಡೆಯುವುದು ಯಾರ ದುಡ್ಡಿನಿಂದ ಸ್ವಾಮಿ? ಅದನ್ನು ಮಾಡುವ ಮೊಜಿಲ್ಲಾದ ವರಮಾನದಲ್ಲಿ ದೊಡ್ಡ ಪಾಲು ಗೂಗಲ್ ಕೊಡುವುದು.

ಲಿನಕ್ಸ್ ಅಭಿಮಾನಿ: ದುಡ್ಡು ಕೊಟ್ಟವರೆಲ್ಲ ಯಜಮಾನರಾಗುವುದಿಲ್ಲ. ಸಂಬಳಕ್ಕೆ ದುಡಿಯುವ ನಿಮಗೆ ಹಾಗೆ ಅನ್ನಿಸಬಹುದು.

ಶುಭೋದಯ ಅಣ್ಣ: (ಫಾರ್ವರ್ಡ್) ದಿನಕ್ಕೆ ಮೂರು ಬಾರಿ ಕುಕೀ ಅಳಿಸಿದರೆ ಕಂಪ್ಯೂಟರ್ ಹೊಸದರಂತೆ ಓಡುತ್ತದೆ, ಹ್ಯಾಕರ್ ಹತ್ತಿರ ಸುಳಿಯುವುದಿಲ್ಲ. ಹತ್ತು ಜನರಿಗೆ ಕಳುಹಿಸಿ.

ರಿಪೇರಿ ಅಂಗಡಿ: ಕಳುಹಿಸಬೇಡಿ. ಕುಕೀ ಎಂದರೆ ನೀವು ಲಾಗಿನ್ ಆಗಿದ್ದೀರಿ ಎಂಬುದನ್ನು ನೆನಪಿಡಲು ತಾಣ ನಿಮ್ಮ ಬ್ರೌಸರಿನಲ್ಲಿ ಇಡುವ ಚೀಟಿ. ದಿನಕ್ಕೆ ಮೂರು ಬಾರಿ ಲಾಗಿನ್ ಆಗುವ ಶಿಕ್ಷೆ ಬಿಟ್ಟು ಇದರಿಂದ ಬೇರೇನೂ ಸಿಗುವುದಿಲ್ಲ.

ಮಂಡ್ಯದ ಯುವಕ: ಯಾವ ಬ್ರೌಸರ್ ಬೆಸ್ಟ್ ಸರ್?

ರಿಪೇರಿ ಅಂಗಡಿ: ಮೇಲೆ ಹೇಳಿದ್ದೇನೆ.

ಮಂಡ್ಯದ ಯುವಕ: ಇನ್‌ಕಾಗ್ನಿಟೊ ಎಂಬ ಗುಪ್ತ ಕಿಟಕಿಯಲ್ಲಿ ನೋಡಿದರೆ ಯಾರಿಗೂ ತಿಳಿಯುವುದಿಲ್ಲವಲ್ಲವೇ?

ರಿಪೇರಿ ಅಂಗಡಿ: ಮನೆಯವರಿಗೆ ತಿಳಿಯುವುದಿಲ್ಲ. ಇಂಟರ್ನೆಟ್ ಕೊಟ್ಟವರಿಗೂ ನೀವು ಹೋದ ತಾಣಕ್ಕೂ ತಿಳಿಯುತ್ತದೆ.

ಜೆರಾಕ್ಸ್ ಸೆಂಟರ್: ಅಣ್ಣಾ, ನಮ್ಮ ಅಂಗಡಿಯ ಕ್ರೋಮ್ ಸರಿಯಿಲ್ಲ ಅನ್ನಿಸುತ್ತಿದೆ, ಬದಲಿಸಬೇಕು. ಮಧ್ಯಾಹ್ನ ಅರ್ಜಿ ನಮೂನೆ ಹುಡುಕುವಾಗ ‘ನಾನು ರೋಬೋಟ್ ಅಲ್ಲ’ ಎಂಬ ಪುಟ ಬಂತು. ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಎಂದಿತ್ತು. ಒತ್ತಿದೆ. ಕಪ್ಪು ಕಿಟಕಿಯೊಂದು ಮಿಂಚಿ ಹೋಯಿತು. ಯಾವ ಬ್ರೌಸರ್ ಹಾಕಿಕೊಳ್ಳಲಿ?

ರಿಪೇರಿ ಅಂಗಡಿ: ಅಕ್ಕಾ, ಬ್ರೌಸರ್ ವಿಷಯ ಬಿಡಿ. ಮೊದಲು ಆ ಯಂತ್ರದ ಇಂಟರ್ನೆಟ್ ತಂತಿ ಕೀಳಿ. ಕಿತ್ತು ಬಂದು ಇದನ್ನು ಓದಿ.

‘ನಾನು ರೋಬೋಟ್ ಅಲ್ಲ’ ಎಂಬ ಚೌಕವನ್ನು ನೀವು ಒತ್ತಿದಾಗಲೇ ಆ ಪುಟ ನಿಮಗೆ ಕಾಣದಂತೆ ಒಂದು ಆಜ್ಞೆಯನ್ನು ನಕಲು ಮಾಡಿಟ್ಟಿತ್ತು. ವಿಂಡೋಸ್ ಮತ್ತು ಆರ್ ಒತ್ತಿದರೆ ತೆರೆಯುವುದು ‘ರನ್’ ಪೆಟ್ಟಿಗೆ. ಕಂಟ್ರೋಲ್ ವಿ ಒತ್ತಿ ಆ ಆಜ್ಞೆಯನ್ನು ಅಲ್ಲಿ ಅಂಟಿಸಿದಿರಿ, ಎಂಟರ್ ಒತ್ತಿ ನಡೆಸಿದಿರಿ. ಆಜ್ಞೆ ಉದ್ದವಿರುತ್ತದೆ, ಪೆಟ್ಟಿಗೆಯಲ್ಲಿ ಕಾಣುವುದು ‘ರೋಬೋಟ್ ಅಲ್ಲ’ ಎಂಬ ಬಾಲ ಮಾತ್ರ. ಯಾವ ಬ್ರೌಸರ್ ಇದ್ದಿದ್ದರೂ ಇದನ್ನು ತಡೆಯುವುದು ಕಷ್ಟ, ಏಕೆಂದರೆ ಕೆಲಸ ನಡೆದದ್ದು ಬ್ರೌಸರಿನ ಹೊರಗೆ, ನಿಮ್ಮ ಕೈಯಿಂದಲೇ. ಹೀಗೆ ಒಳಬರುವ ತಂತ್ರಾಂಶ ಸಾಮಾನ್ಯವಾಗಿ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಬಾಚಿಕೊಂಡು ಹೋಗುತ್ತದೆ. ಕುಕೀ ಸಿಕ್ಕಿದರೆ ಕಳ್ಳ ನಿಮ್ಮ ಖಾತೆಯಲ್ಲಿ ನೀವೇ ಎಂಬಂತೆ ಕೂರಬಹುದು, ಎಷ್ಟೋ ಕಡೆ ಒಟಿಪಿಯನ್ನೂ ಕೇಳುವುದಿಲ್ಲ.

ಒಂದು ಪ್ರಶ್ನೆ. ಆ ಕ್ರೋಮಿನಲ್ಲಿ ಯಾರ ಯಾರ ಪಾಸ್‌ವರ್ಡ್ ಉಳಿಸಿದ್ದೀರಿ?

ಜೆರಾಕ್ಸ್ ಸೆಂಟರ್: ನಮ್ಮದು. ಗಿರಾಕಿಗಳದ್ದೂ ಇದೆ. ಅವರಿಗೆ ನೆನಪಿರುವುದಿಲ್ಲ, ಪ್ರತಿ ಸಲ ಪರದಾಡುತ್ತಾರೆಂದು ನಾನೇ ಉಳಿಸಿಕೊಂಡಿದ್ದೆ. ನಲವತ್ತು ಜನರದ್ದಿರಬಹುದು.

ಶುಭೋದಯ ಅಣ್ಣ: (ಫಾರ್ವರ್ಡ್) ವೈರಸ್ ಬಂದಿದೆಯೇ? ಈ ಉಚಿತ ಕ್ಲೀನರ್ ಇಳಿಸಿಕೊಳ್ಳಿ, ಐದೇ ನಿಮಿಷದಲ್ಲಿ ಮಾಯ!

ರಿಪೇರಿ ಅಂಗಡಿ: ನಿರ್ವಾಹಕರೇ, ಆ ಕೊಂಡಿಯನ್ನು ಈ ಕ್ಷಣ ಅಳಿಸಿ. ಗಾಯಕ್ಕೆ ಸಗಣಿ ಮೆತ್ತುವವರನ್ನು ನೋಡಿ ಸಾಕಾಗಿದೆ.

ಅಕ್ಕಾ, ಗಿರಾಕಿಗಳ ಪಾಸ್‌ವರ್ಡ್ ಇಟ್ಟುಕೊಂಡದ್ದು ದೊಡ್ಡ ತಪ್ಪು, ಉಪಕಾರವೆಂದುಕೊಂಡೇ ಮಾಡಿದ್ದೀರಿ ಎನ್ನುವುದೂ ಗೊತ್ತು. ಈಗ ಮೊಬೈಲಿನಿಂದ ನಿಮ್ಮ ಇಮೇಲ್ ಪಾಸ್‌ವರ್ಡ್ ಬದಲಿಸಿ, ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಿ. ಆಮೇಲೆ ಬ್ಯಾಂಕಿನದು, ಬ್ಯಾಂಕಿಗೆ ಫೋನ್ ಮಾಡಿ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಲವತ್ತು ಜನರಿಗೂ ಇಂದೇ ಹೇಳಿ, ನಾಚಿಕೆಯಾದರೂ ಹೇಳಿ. ಯಂತ್ರಕ್ಕೆ ವಿಂಡೋಸ್ ಹೊಸದಾಗಿ ಹಾಕಬೇಕು, ಕ್ರೋಮ್ ತೆಗೆದು ಹಾಕಿದರೆ ಮುಗಿಯುವುದಿಲ್ಲ. ಇನ್ನು ಮುಂದೆ ಗಿರಾಕಿಗಳ ಕೆಲಸವೆಲ್ಲ ಬ್ರೌಸರಿನ ಅತಿಥಿ (ಗೆಸ್ಟ್) ವಿಂಡೋದಲ್ಲಿ ಮಾಡಿ, ಮುಚ್ಚಿದರೆ ಅದರಲ್ಲಿ ಲಾಗಿನ್ ಏನೂ ಉಳಿಯುವುದಿಲ್ಲ.

ಐಟಿ ಉದ್ಯೋಗಿ: ಎಡ್ಜ್ ಇದ್ದಿದ್ದರೆ ಆ ಪುಟವನ್ನೇ ತಡೆಯುತ್ತಿತ್ತು.

ಲಿನಕ್ಸ್ ಅಭಿಮಾನಿ: ವಿಂಡೋಸ್ ಬದಲು ಲಿನಕ್ಸ್ ಇದ್ದಿದ್ದರೆ ಆ ಗುಂಡಿಯೇ ಕೆಲಸ ಮಾಡುತ್ತಿರಲಿಲ್ಲ.

ರಿಪೇರಿ ಅಂಗಡಿ: ಮನೆಗೆ ಬೆಂಕಿ ಬಿದ್ದಿದೆ, ನೀವಿಬ್ಬರೂ ಹೆಂಚಿನ ಕಂಪನಿಯ ಬಗ್ಗೆ ಜಗಳವಾಡುತ್ತಿದ್ದೀರಿ. ಸುಮ್ಮನಿರುತ್ತೀರಾ?

ಐಟಿ ಉದ್ಯೋಗಿ: ಅಭಿಪ್ರಾಯ ಹೇಳುವುದೂ ತಪ್ಪೇ? ತಾವೊಬ್ಬರೇ ಸರ್ವಜ್ಞರೋ?

ನಿವೃತ್ತ ಮೇಷ್ಟ್ರು: ಅವರು ದುಡ್ಡು ತೆಗೆದುಕೊಳ್ಳದೆ ಹೇಳುತ್ತಿದ್ದಾರೆ. ಸ್ವಲ್ಪ ಗೌರವವಿರಲಿ.

ಹಾಸನದ ಗೃಹಿಣಿ: ಸರ್, ಕ್ರೋಮ್ ಹಾಕಿದರೂ ಎಡ್ಜ್ ತಾನಾಗಿ ತೆರೆಯುತ್ತದೆ.

ರಿಪೇರಿ ಅಂಗಡಿ: ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್. ಅಲ್ಲಿ ಕ್ರೋಮ್ ಆರಿಸಿ. ಪರದೆಯ ಕೆಳಪಟ್ಟಿಯ ಹುಡುಕಾಟದಿಂದ ಹೋದರೆ ಆಮೇಲೂ ಎಡ್ಜ್ ಬರುತ್ತದೆ.

ಮಂಡ್ಯದ ಯುವಕ: ಗೇಮ್ ಆಡಲು ಯಾವ ಬ್ರೌಸರ್ ಬೆಸ್ಟ್?

ಜೆರಾಕ್ಸ್ ಸೆಂಟರ್: ಅಣ್ಣಾ, ತಂತಿ ಕಿತ್ತೆ. ಇಮೇಲ್ ಬದಲಿಸಿದೆ. ನಾನು ಮಾಡದ ಒಂದು ಲಾಗಿನ್ ಅಲ್ಲಿ ಕಾಣಿಸುತ್ತಿದೆ, ಮೂರು ಗಂಟೆಯದ್ದು.

ರಿಪೇರಿ ಅಂಗಡಿ: ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ. ನಾನು ನೇರವಾಗಿ ಫೋನ್ ಮಾಡುತ್ತೇನೆ. ಉಳಿದವರಿಗೆ ಇಂದು ಇಷ್ಟೇ.

ಡಿಟಿಪಿ ಕೆಲಸದವನು: ಸರ್, ನುಡಿಯ ಪ್ರಶ್ನೆ ಕೇಳಿದ್ದೆ...